ನಮ್ಮ ಮಾವ ಬಡವರಲ್ಲ ಎಂಬ ಬಗ್ಗೆ

ವೀಸಾ ಕೊಡುವ ಹಾಗೂ ಕೊಡದಿರುವ ಮಾನ್ಯರೇ,

ತಾವು ನನ್ನ ಅರ್ಜಿಯನ್ನು ತಿರಸ್ಕರಿಸಿದ್ದೀರಿ. ಕಾರಣ ಎರಡು. ನನ್ನ ಖರ್ಚು ಹೊರುವುದಾಗಿ ಬರೆದುಕೊಟ್ಟ ಸ್ಪಾನ್ಸರ್ ನಿವೃತ್ತರು, ತಮ್ಮಲ್ಲಿ ಹಣವಿಲ್ಲವೆಂದು ಅವರೇ ಫೋನಿನಲ್ಲಿ ಹೇಳಿದ್ದಾರೆ. ಅಲ್ಲದೆ ಅಕ್ಕನ ಮಗಳಿಗಾಗಿ ಅವರು ಇಷ್ಟು ಖರ್ಚು ಮಾಡಲು ತಕ್ಕ ಕಾರಣ ಕಾಣುವುದಿಲ್ಲ. ಮೊದಲನೆಯದು ಸುಳ್ಳಲ್ಲ. ಅವರು ಹಾಗೆ ಹೇಳುವಾಗ ನಾನು ಪಕ್ಕದಲ್ಲೇ ಕೂತಿದ್ದೆ.

ನಾನು ಶ್ರೀರಂಗಪಟ್ಟಣದಲ್ಲಿ ಕಿವಿ ಕೇಳದ ಮಕ್ಕಳಿಗೆ ಪಾಠ ಹೇಳುತ್ತೇನೆ. ಅದೇ ಕೆಲಸವನ್ನು ಇನ್ನಷ್ಟು ಸರಿಯಾಗಿ ಕಲಿಯಲು ತಮ್ಮ ದೇಶದಲ್ಲಿ ಒಂದು ವರ್ಷದ ಕೋರ್ಸಿದೆ. ನಲವತ್ತೈದು ತುಂಬಿದವರನ್ನು ಅಲ್ಲಿ ಸೇರಿಸಿಕೊಳ್ಳುವುದಿಲ್ಲ. ನನಗೆ ನಲವತ್ತನಾಲ್ಕು. ಹೀಗಾಗಿ ‘ಮುಂದಿನ ವರ್ಷ ಮತ್ತೆ ಅರ್ಜಿ ಸಲ್ಲಿಸಬಹುದು’ ಎಂಬ ತಮ್ಮ ಸೌಜನ್ಯವನ್ನು ಬಳಸಿಕೊಳ್ಳುವ ಸ್ಥಿತಿಯಲ್ಲಿ ನಾನಿಲ್ಲ.

ನನ್ನ ಸ್ಪಾನ್ಸರ್ ನನ್ನ ಸೋದರಮಾವ ಚಿಕ್ಕಸ್ವಾಮಿ. ಪಾಂಡವಪುರದಲ್ಲಿ ಸರ್ಕಾರಿ ಕೆಲಸ ಮಾಡಿ ನಿವೃತ್ತರಾಗಿ ಅರಕೆರೆಯಲ್ಲಿದ್ದಾರೆ. ಪಿಂಚಣಿಯಿದೆ, ನಾಲೆ ಬಯಲಿನಲ್ಲಿ ಕಬ್ಬಿದೆ, ಬ್ಯಾಂಕಿನಲ್ಲಿ ಠೇವಣಿಯಿದೆ. ಎಲ್ಲದರ ದಾಖಲೆ ತಮ್ಮ ಬಳಿಯೇ ಇದೆ. ಅದರಿಂದ ಸಮಾಧಾನವಾಗದೆ ತಮ್ಮ ಕಚೇರಿಯ ಮಹಿಳೆಯೊಬ್ಬರು ಶುದ್ಧ ಕನ್ನಡದಲ್ಲಿ ಫೋನು ಮಾಡಿದರು.

“ನಿಮ್ಮ ಆರ್ಥಿಕ ಪರಿಸ್ಥಿತಿ ಹೇಗಿದೆ?”

“ಏನೋ ತಾಯಿ, ದೇವ್ರು ನಡುಸ್ತಾವ್ನೆ.”

“ಸಾಕಷ್ಟು ಹಣವಿದೆಯೇ?”

“ನಮ್ತಾವ ಎಲ್ಲಿಂದ ಬಂದದು? ರಿಟೇರಾದೋರು. ಅಂಗೂ ಇಂಗೂ ಹಿಟ್ಟಿಗೆ ಮೋಸ ಇಲ್ಲ.”

“ಜಮೀನಿನ ಆದಾಯ?”

“ಕಬ್ಬದೆ. ಈ ಸಲ ಏನೂ ಸುಖ ಇಲ್ಲ ಬುಡಿ.”

ಆ ಹೊತ್ತಿಗೆ ಕಬ್ಬು ಕಿಟಕಿಯಿಂದ ಕಾಣುತ್ತಿತ್ತು. ಅದರಾಚೆ ರಸ್ತೆಯಲ್ಲಿ ಹೋಗುವ ಬಸ್ಸು ಕಾಣುತ್ತಿರಲಿಲ್ಲ.

ಮಾನ್ಯರೇ, ನಮ್ಮ ಕಡೆ ಅಪರಿಚಿತರು ಕೇಳಿದರೆ ‘ಇದೆ’ ಎಂದು ಯಾರೂ ಹೇಳುವುದಿಲ್ಲ. ಕೊಟ್ಟಿಗೆ ತುಂಬ ಹಸುವಿದ್ದವರೂ ‘ಒಂದೆರಡವೆ’ ಎನ್ನುತ್ತಾರೆ. ಇದೆ ಎಂದರೆ ಕಣ್ಣು ಬೀಳುತ್ತದೆ. ಬೀಳದಿದ್ದರೂ ಜಂಬವಂತೂ ಆಗುತ್ತದೆ. ಇದನ್ನು ಸುಳ್ಳು ಎನ್ನಬೇಕೋ ಮರ್ಯಾದೆ ಎನ್ನಬೇಕೋ ನನಗೂ ಸರಿಯಾಗಿ ಗೊತ್ತಿಲ್ಲ. ಇಂಗ್ಲಿಷ್ ಶಾಲೆಯಲ್ಲಿ ಓದಿದ ನನಗೆ ಇದೆಲ್ಲ ಅಂಟಿಲ್ಲ ಎಂದುಕೊಂಡಿದ್ದೆ. ಮೊನ್ನೆ ಬಸ್ಸಿನಲ್ಲಿ ಪಕ್ಕದವರು ಸಂಬಳ ಎಷ್ಟೆಂದು ಕೇಳಿದಾಗ ‘ಏನೋ ಬರುತ್ತೆ’ ಎಂದೆ. ದೇವರು ನಡೆಸುತ್ತಿದ್ದಾನೆ ಎಂಬ ಮಾತಿನಿಂದ ನಾವು ಇನ್ನೊಬ್ಬ ಸ್ಪಾನ್ಸರನ್ನು ಮುಚ್ಚಿಟ್ಟಿದ್ದೇವೆಂದು ತಾವು ಅನುಮಾನಿಸಲಿಲ್ಲ. ಅದಕ್ಕೆ ಕೃತಜ್ಞಳು.

ಫೋನಿಟ್ಟ ಮೇಲೆ “ಯಾಕೆ ಮಾವ ಹಾಗಂದಿರಿ?” ಎಂದೆ.

“ಇನ್ನೇನಂದಾರು ಮಗ? ಗುರ್ತಿಲ್ಲ, ಪರ್ಚಯಿಲ್ಲ. ಊಟ ಆಯ್ತಾ ಅಂತ್ಲೂ ಕೇಳ್ನಿಲ್ಲ. ಬಾಯ್ಬುಟ್ಟಿದ್ದೇ ದುಡ್ಡೆಷ್ಟದೆ ಅಂತಾಳಲ್ಲ.”

ಅವರ ಹೆಂಡತಿ ಚಿಕ್ಕಬೋರಮ್ಮ ಒಳಗಿನಿಂದ, “ಸದ್ಯ, ಠೇವಣಿ ವಿಸ್ಯ ಒದರ್ನಿಲ್ವಲ್ಲ,” ಎಂದರು.

ತಿರಸ್ಕಾರ ಬಂದ ಮೇಲೆ ಮಾವನಿಗೆ ಅಭ್ಯಾಸ ಮಾಡಿಸಲು ಕೂತೆ. ‘ನನ್ನ ಬಳಿ ಸಾಕಷ್ಟು ಹಣವಿದೆ’ ಎನ್ನಿ, ಅಷ್ಟೇ. ಅವರು ಬೀದಿಯತ್ತ ಇಣುಕಿ, ಬಾಗಿಲು ಹಾಕಿ, ಪಿಸುಮಾತಿನಲ್ಲಿ ಹೇಳಿದರು. ಅತ್ತೆ ಎದ್ದು ಹೋಗಿ ಉಪ್ಪು, ಮೆಣಸಿನಕಾಯಿ ತಂದು ಅವರಿಗೆ ನಿವಾಳಿಸಿದರು.

ಇನ್ನು ತಮ್ಮ ಎರಡನೆಯ ಕಾರಣ. ಇದನ್ನು ನಾನು ಸುಲಭವಾಗಿ ತಳ್ಳಿಹಾಕಲಾರೆ. ಎಪ್ಪತ್ತು ದಾಟಿದ ಮನುಷ್ಯನ ಠೇವಣಿ ಮುರಿಸುವುದು ಸರಿಯೇ ಎಂದು ತಮಗಿಂತ ಮೊದಲು ನಾನೇ ನನ್ನನ್ನು ಕೇಳಿಕೊಂಡಿದ್ದೆ. ಆ ದಿನ ಅವರನ್ನೂ ಕೇಳಿದೆ. ಮಾವ ಕಿಟಕಿಯಾಚೆಯ ಕಬ್ಬಿನತ್ತ ನೋಡುತ್ತ ಹೇಳಿದರು.

“ಪಾಲಾಗೋವಾಗ ನಿಮ್ಮವ್ವ ಒಂದ್ ಸೀರೆ ಇಸ್ಕಂಡು, ‘ನಂಗೇನೂ ಬ್ಯಾಡ’ ಅಂತ ರುಜು ಆಕ್ಬುಟ್ಟೋದ್ಲು. ಬೇಕಾಗಿತ್ತು ಅಂತ ನಮ್ಗೆ ಗೊತ್ತಿತ್ತು ಕಣವ್ವ. ಗೊತ್ತಿದ್ರೂ ಬ್ಯಾಡ ಅಂದಿದ್ನೇ ನಂಬ್ದೊ. ಆ ಕಬ್ಬಲ್ಲಿ ಅರ್ಧ ನಿಂದೇಯ.”

ಅಮ್ಮ ಈಗಿಲ್ಲ. ಬೇಡ ಎಂದವಳ ಮಾತನ್ನು ಅಕ್ಷರಶಃ ನಂಬುವುದು ಎಷ್ಟು ಅನುಕೂಲ ನೋಡಿ. ಇಲ್ಲ ಎಂದವನ ಮಾತನ್ನು ನಂಬುವುದೂ ಅಷ್ಟೇ ಅನುಕೂಲ. ಈ ವಿಷಯದಲ್ಲಿ ತಾವು ಮೊದಲಿಗರಲ್ಲ ಎಂದಷ್ಟೇ ಹೇಳಬಲ್ಲೆ. ಆದರೆ ನಮ್ಮ ಮಾವ ತಡವಾಗಿಯಾದರೂ ಆ ಹಳೆಯ ತೀರ್ಮಾನವನ್ನು ಮರುಪರಿಶೀಲಿಸಿದರು. ತಮ್ಮ ಕಚೇರಿಗೆ ಅದು ಸಾಧ್ಯವಿಲ್ಲವೇ?

ನನ್ನ ಆಗ್ರಹ ಇಷ್ಟೆ. ಕೋರ್ಸು ಶುರುವಾಗುವ ಮೊದಲು ನನ್ನ ಕಡತವನ್ನು ಮತ್ತೆ ತೆರೆಯಿರಿ, ಅದರಲ್ಲಿರುವ ದಾಖಲೆಗಳನ್ನು ನಂಬಿ. ನಂಬಲಾಗದಿದ್ದರೆ ಇನ್ನೊಮ್ಮೆ ಫೋನು ಮಾಡಿ. ಮೊದಲು ಊಟವಾಯಿತೇ ಎಂದು ಕೇಳಿ. ಆಮೇಲೂ ಎಷ್ಟಿದೆ ಎಂದು ಮಾತ್ರ ಕೇಳಬೇಡಿ. ಅವರು ಬದುಕಿರುವವರೆಗೂ ಇಲ್ಲವೆಂದೇ ಹೇಳುತ್ತಾರೆ. ಅಕ್ಕನ ಮಗಳಿಗೆ ಎಷ್ಟು ಕೊಡಬೇಕು ಎಂದು ಕೇಳಿ. ಬಾಗಿಲು ತೆರೆದಿಟ್ಟುಕೊಂಡೇ ಹೇಳುತ್ತಾರೆ.

ಇಂತಿ,
ಸದ್ಯಕ್ಕಂತೂ ನಲವತ್ತನಾಲ್ಕರಲ್ಲೇ ಇರುವ
ಸುನಿತಾ
ಶ್ರೀರಂಗಪಟ್ಟಣ