ಅವ್ವ ನೋಡಿದ ಸಿನಿಮಾಗಳು

ಗಾಳಿಬೀಡು
ಫೆಬ್ರವರಿ ೩, ಮಂಗಳವಾರ

ನನ್ನ ಗಾನವಿಗೆ ಅವ್ವ ಬರೆಯುವುದು,

ಅವ್ವ ಇಡೀ ದಿನ ಏನು ಮಾಡುತ್ತಾಳೆ ಎಂದು ಕೀರ್ತಿಯ ಹತ್ತಿರ ಕೇಳಿದೆಯಂತೆ. ಸಿನಿಮಾ ನೋಡುತ್ತೇನೆ. ನಗಬೇಡ. ನಿನ್ನ ಚಿಕ್ಕಪ್ಪನ ಮಗ ಆ ಕೀರ್ತಿಯೇ ಟಿವಿಯ ಹಿಂದೆ ಅದೇನೋ ಕಡ್ಡಿ ಚುಚ್ಚಿ, ಬೇಕಾದ್ದು ನೋಡಿ ದೊಡ್ಡಮ್ಮ ಅಂತ ರಿಮೋಟು ಕೈಗೆ ಕೊಟ್ಟು ಹೋಗಿದ್ದಾನೆ. ಹೊರಗೆ ಕೆಲಸದವರು ಕಾಫಿ ಕೊಯ್ಯುತ್ತಿರುತ್ತಾರೆ, ನಾನು ಹಾಡಹಗಲಲ್ಲಿ ಮಂಚದ ಪಕ್ಕ ಕುರ್ಚಿ ಹಾಕಿಕೊಂಡು ಸಿನಿಮಾ ನೋಡುವ ಯಜಮಾನಿ. ನಿನ್ನ ಅಪ್ಪನೂ ನೋಡುತ್ತಾರೆ. ಅವರಿಗೆ ಗಂಟಲು ಸ್ವಲ್ಪ ಸರಿ ಇಲ್ಲ, ಅದಕ್ಕೇ ಮನೆಯಲ್ಲಿದ್ದಾರೆ.

ನಮ್ಮ ನಂಬರು ಕಂಡರೆ ನೀನು ಫೋನು ಎತ್ತುವುದಿಲ್ಲ. ಆದ್ದರಿಂದ ಈ ಕಾಗದ. ನಾಡಿದ್ದು ಕೀರ್ತಿ ಸೋಮವಾರಪೇಟೆಗೆ ಬರುವಾಗ ನಿನ್ನ ಕೈಗೇ ಕೊಡುತ್ತಾನೆ. ಸಿನಿಮಾ ಅಂದರೆ ಊಟ ಬಿಡುತ್ತಿದ್ದವಳು ನೀನು, ಹಾಗಾಗಿ ನನ್ನ ಅಭಿಪ್ರಾಯ ನಿನಗಲ್ಲದೆ ಯಾರಿಗೆ ಹೇಳಲಿ?

ಮೊದಲು ನೋಡಿದ್ದು ಒಂದು ದೆವ್ವದ ಸಿನಿಮಾ. ಹಳೆಯ ಎಸ್ಟೇಟ್ ಬಂಗಲೆ, ಕರೆಂಟು ಹೋಗುತ್ತದೆ, ಆ ಹುಡುಗಿ ಮೇಣದಬತ್ತಿ ಹಿಡಿದುಕೊಂಡು ಅಟ್ಟ ಹತ್ತುತ್ತಾಳೆ. ಅಲ್ಲ, ಅವಳ ಫೋನಿನಲ್ಲಿ ಟಾರ್ಚು ಇಲ್ಲವಾ? ಮಂಜು ಅಂತ ತೋರಿಸಿದ್ದು ಸೌದೆ ಒಲೆಯ ಹೊಗೆಯ ಹಾಗಿತ್ತು, ಮಂಜು ಏನೆಂದು ನಮಗೆ ಗೊತ್ತಿಲ್ಲವಾ? ನನಗೆ ಹೆದರಿಕೆಯೇ ಆಗಲಿಲ್ಲ. ಆದರೆ ಸಿನಿಮಾದಲ್ಲಿ ಸದ್ದೆಲ್ಲ ನಿಂತು ಮೌನವಾದಾಗ ಮಾತ್ರ ತಿರುಗಿ ತಿರುಗಿ ಅಪ್ಪನ ಎದೆ ನೋಡುತ್ತಿದ್ದೆ, ಏರಿಳಿಯುತ್ತಿದೆಯಾ ಅಂತ.

ಆಮೇಲೆ ಹೊಡೆದಾಟದ್ದು. ಅಪ್ಪನಿಗೆ ಅದೇ ಇಷ್ಟ, ನಿನಗೆ ಗೊತ್ತು. ಹೀರೋಗೆ ಮಚ್ಚಿನಲ್ಲಿ ಹೊಡೆದು, ಕಲ್ಲು ಎತ್ತಿ ಹಾಕಿ, ಸತ್ತನೆಂದು ಬಿಟ್ಟು ಹೋಗುತ್ತಾರೆ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವನೇ ಕೈಯ ಡ್ರಿಪ್ಪು ಕಿತ್ತೆಸೆದು ಎದ್ದು ನಡೆದೇ ಹೋಗುತ್ತಾನೆ. ನನಗೆ ಮೈಯೆಲ್ಲ ಉರಿಯಿತು. ನಮ್ಮಲ್ಲಿ ನರ್ಸಮ್ಮ ನರ ಹುಡುಕಿ ಹುಡುಕಿ ಸಾಕಾಗಿ ಕಾಲಿಗೆ ಸೂಜಿ ಚುಚ್ಚಿದ್ದಾಳೆ. ಎದ್ದು ನಡೆಯುತ್ತಾನಂತೆ, ಇವನ ಮುಖಕ್ಕಿಷ್ಟು.

ಹಾ, ಬಾಯಿ ತಪ್ಪಿ ಬಂತು, ಇನ್ನು ಮುಚ್ಚಿಟ್ಟು ಏನು. ಗಂಟಲು ‘ಸ್ವಲ್ಪ’ ಸರಿ ಇಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ಕ್ಯಾನ್ಸರು. ಗಂಟಲಲ್ಲಿ ತೂತು ಮಾಡಿ ನಳಿಕೆ ಇಟ್ಟಿದ್ದಾರೆ, ಮಾತು ನಿಂತುಹೋಗಿದೆ. ಮನೆಗೆ ಕರೆದುಕೊಂಡು ಹೋಗಿ, ಚೆನ್ನಾಗಿ ನೋಡಿಕೊಳ್ಳಿ ಎಂದರು ಡಾಕ್ಟರು. ಅವರು ಹಾಗೆ ಹೇಳಿದರೆ ಏನರ್ಥ ಎಂದು ನನಗೂ ತಿಳಿಯುತ್ತದೆ. ಅವಳಿಗೆ ಹೇಳಿದರೆ ನನ್ನಾಣೆ ಅಂತ, ಬಾಯಿ ಬರುತ್ತಿದ್ದಾಗಲೇ ಅಪ್ಪ ನನ್ನಿಂದಲೂ ಕೀರ್ತಿಯಿಂದಲೂ ಮಾತು ತೆಗೆದುಕೊಂಡಿದ್ದರು. ಪಾಪ, ಕೀರ್ತಿಯ ಮೇಲೆ ಕೋಪ ಮಾಡಬೇಡ. ಈಗ ಮಾತು ಮುರಿದವಳು ನಾನು, ಏನಾದರೂ ಆಗುವುದಿದ್ದರೆ ನನಗಾಗಲಿ.

ಇರಲಿ, ಸಿನಿಮಾ. ಪ್ರಶಸ್ತಿ ಬಂದಿದೆ ಎಂದು ಕೀರ್ತಿ ಒಂದನ್ನು ಹಾಕಿಕೊಟ್ಟ. ಒಬ್ಬ ಮುದುಕ ಗದ್ದೆಯ ಬದುವಿನ ಮೇಲೆ ನಡೆಯುತ್ತಾನೆ, ನಡೆಯುತ್ತಾನೆ, ನಾನು ಎದ್ದು ಹೋಗಿ ಗಂಜಿಗೆ ಅಕ್ಕಿ ಹಾಕಿ ಬಂದರೂ ನಡೆಯುತ್ತಲೇ ಇದ್ದಾನೆ. ಅಪ್ಪ ಆರಿಸು ಎಂದು ಕೈ ಮಾಡಿದರು. ನಾನು ಆರಿಸಲಿಲ್ಲ. ಅದರಲ್ಲಿ ಒಬ್ಬಳು ಹೆಂಗಸು ಪಾತ್ರೆ ತೊಳೆಯುತ್ತಾಳೆ, ಹಾಡಿಲ್ಲ ಕುಣಿತವಿಲ್ಲ, ಕೊನೆಯ ಸೌಟಿನವರೆಗೂ ತೊಳೆದು ಕವುಚಿ ಹಾಕಿ, ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಾಳೆ. ಇಷ್ಟು ವರ್ಷದಲ್ಲಿ ಪಾತ್ರೆ ಪೂರ್ತಿ ತೊಳೆದವಳನ್ನು ಸಿನಿಮಾದಲ್ಲಿ ನೋಡಿದ್ದು ಇದೇ ಮೊದಲು. ನನಗೆ ತುಂಬಾ ಹಿಡಿಸಿತು.

ಒಂದು ನಗೆ ಸಿನಿಮಾವಂತೂ ಶುದ್ಧ ಕಸ. ಗಂಡಸಿಗೆ ಸೀರೆ ಉಡಿಸಿದರೆ ಜನ ನಗುತ್ತಾರೆ ಎಂದು ಯಾರು ಹೇಳಿಕೊಟ್ಟರೋ. ಆದರೆ ಅಪ್ಪ ಅದನ್ನೇ ಮತ್ತೆ ಹಾಕು, ಮತ್ತೆ ಹಾಕು ಎಂದು ಬೆರಳು ತಿರುಗಿಸುತ್ತಾರೆ. ನೋಡಿದ ಸಿನಿಮಾವನ್ನು ಇನ್ನೊಮ್ಮೆ ನೋಡುವ ಮನುಷ್ಯನಾ ಅವರು? ನನಗೆ ಅನುಮಾನ ಬಂದು ಟಿವಿ ಬಿಟ್ಟು ಅವರ ಮುಖವನ್ನೇ ನೋಡುತ್ತಾ ಕುಳಿತೆ. ಹೀರೋಯಿನ್ನಿನ ಗೆಳತಿ ಒಬ್ಬಳು ಬರುತ್ತಾಳೆ, ಎರಡು ಮಾತಾಡಿ ಹೋಗುತ್ತಾಳೆ. ನಗುವಾಗ ನಿನ್ನ ಹಾಗೆಯೇ ಮೂಗು ಸುಕ್ಕು ಮಾಡಿ, ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಅವಳು ಹೋದ ಮೇಲೆ ಅಪ್ಪ ಕಣ್ಣು ಮುಚ್ಚಿಕೊಳ್ಳುತ್ತಾರೆ. ನಾನು ಕಂಡೂ ಕಾಣದ ಹಾಗೆ ಇದ್ದೆ.

ನಿನ್ನೆಯದು ಸಂಸಾರದ ಕಥೆ. ಮಗಳು ಬೇರೆ ಜಾತಿಯವನನ್ನು ಮೆಚ್ಚಿ ಮದುವೆಯಾಗಿರುತ್ತಾಳೆ, ಅಪ್ಪ ಮನೆಗೆ ಸೇರಿಸುವುದಿಲ್ಲ. ಕೊನೆಗೆ ಅಪ್ಪ ಸಾಯುವ ಹೊತ್ತಿಗೆ ಸರಿಯಾಗಿ ಅವಳು ಕಾರಿನಿಂದಿಳಿದು ಓಡಿ ಬರುತ್ತಾಳೆ. ಅಪ್ಪ ಕಣ್ಣು ಬಿಡುತ್ತಾನೆ, ಮಗಳ ಹೆಸರು ಹೇಳುತ್ತಾನೆ, ಅಳಿಯನ ಕೈ ಹಿಡಿಯುತ್ತಾನೆ, ನಗುತ್ತಾ ಪ್ರಾಣ ಬಿಡುತ್ತಾನೆ. ನಾನು ಗೊಳೋ ಎಂದು ಅತ್ತೆ. ಆಮೇಲೆ ಆ ಸಿನಿಮಾ ಮಾಡಿದವನ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ಸಾವು ಹಾಗೆ ಯಾರನ್ನಾದರೂ ಕಾಯುತ್ತದಾ? ಅಪ್ಪನ ಕಡೆ ನೋಡಿದರೆ, ಅವರು ಗೋಡೆಯ ಕಡೆ ಮಗ್ಗುಲು ತಿರುಗಿದ್ದರು.

ನೋಡು ಮಗಳೇ, ಅಪ್ಪ ನಿನ್ನನ್ನು ಕರೆಯುತ್ತಿದ್ದಾರೆ ಎಂದು ನಾನು ಸುಳ್ಳು ಬರೆಯುವುದಿಲ್ಲ. ಕರೆದಿಲ್ಲ. ಕೈಸನ್ನೆಯಲ್ಲೂ ಕೇಳಿಲ್ಲ. ಶಶಿಕುಮಾರನನ್ನು ಮದುವೆಯಾಗಿ ಫೋನು ಮಾಡಿದ ದಿನ ಅವರು ‘ನನ್ನ ಹೆಣಕ್ಕೆ ಸಾ ಬರ್ಬೇಡ’ ಅಂದದ್ದನ್ನು, ಹೆಣ ನೋಡಲೂ ಬೇಡ ಎಂದದ್ದನ್ನು, ಪಕ್ಕದಲ್ಲಿ ನಿಂತು ನಾನೂ ಕೇಳಿದ್ದೇನೆ. ಆ ಮಾತನ್ನು ಅವರೂ ಬಿಡಲಿಲ್ಲ, ನೀನೂ ಬಿಡಲಿಲ್ಲ. ಹಟದಲ್ಲಿ ಅಪ್ಪನಿಗೆ ತಕ್ಕ ಮಗಳು. ಸೋಮವಾರಪೇಟೆಗೂ ಗಾಳಿಬೀಡಿಗೂ ಏನು ಮಹಾ ದೂರ, ಮಡಿಕೇರಿಯಲ್ಲಿ ಬಸ್ಸು ಬದಲಾಯಿಸಿದರೆ ಆಯಿತು. ನಿಮ್ಮಿಬ್ಬರ ನಡುವೆ ಸಿಕ್ಕಿ ನಾನು ಬೆಂದುಹೋಗಿದ್ದೇನೆ.

ಅಂದವರಿಗೆ ಈಗ ಬಾಯಿಲ್ಲ. ನೀನು ಬಂದು ಎದುರಿಗೆ ನಿಂತರೆ ಹೋಗು ಎನ್ನಲೂ ಅವರಿಂದ ಆಗುವುದಿಲ್ಲ. ಬಹುಶಃ ಮುಖ ತಿರುಗಿಸಿಕೊಳ್ಳುತ್ತಾರೆ. ತಿರುಗಿಸಿಕೊಳ್ಳಲಿ. ಮಂಚದ ಆ ಪಕ್ಕಕ್ಕೆ ಹೋಗಿ ಕುಳಿತುಕೋ. ಆ ಕಸದ ಸಿನಿಮಾ ಹಾಕಿ ಕೊಡುತ್ತೇನೆ, ಮೂವರೂ ಸುಮ್ಮನೆ ನೋಡೋಣ. ಮಾತಾಡುವ ಅಗತ್ಯವೇ ಇಲ್ಲ. ನನಗೆ ಇನ್ನೇನೂ ಬೇಡ ಗಾನವಿ, ಅವರು ಇರುವಾಗಲೇ ಒಂದು ಸಲ ಬಾ.

ನಾಡಿದ್ದು ಕೀರ್ತಿಯ ಜೀಪಿನಲ್ಲೇ ಹೊರಟು ಬಂದರೆ ಒಳ್ಳೆಯದು. ಕಾಗದ ಓದಿ ಸುಮ್ಮನಿರಬೇಡ.

ನಿನ್ನ ದಾರಿ ನೋಡುತ್ತಿರುವ ಅವ್ವ,
ಯಮುನ

ಮತ್ತೆ ಬರೆದದ್ದು, ಬುಧವಾರ ಬೆಳಿಗ್ಗೆ:

ಗಾನವಿ, ಅಪ್ಪ ಹೋದರು. ಗಂಜಿ ಆರಿಸಿ ತರುವಷ್ಟರಲ್ಲಿ ಉಸಿರು ನಿಂತಿತ್ತು. ಕೀರ್ತಿ ನಿನಗೆ ಫೋನು ಮಾಡಿದ, ನೀನು ಎತ್ತಲಿಲ್ಲ. ನಾನು ಅವನ ಪಕ್ಕದಲ್ಲಿರಬಹುದು ಎಂದುಕೊಂಡೆಯೋ ಏನೋ. ಅದಕ್ಕೆ ಈ ಕಾಗದ ಹಿಡಿದು ಅವನೇ ಈಗ ಹೊರಟಿದ್ದಾನೆ.

ಇಲ್ಲಿ ಏನಾಯಿತು ಎಂದು ಹೇಳುತ್ತೇನೆ ಕೇಳು. ನಮ್ಮಲ್ಲಿ ಹೈದ ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಎಂದು ನಿನಗೆ ಗೊತ್ತಲ್ಲ. ಊರಿಗೆ ತಿಳಿಸಬೇಕೆಂದು ಕೀರ್ತಿ ಅಂಗಳದಲ್ಲಿ ನಿಂತು ಕೋವಿ ಎತ್ತಿದ. ಒಂದು ಹಾರಿತು. ಎರಡನೆಯ ತೋಟೆ ಥಂಡಿ ಹಿಡಿದು ಕೆಟ್ಟಿತ್ತು, ಟಿಕ್ ಎಂದು ಸುಮ್ಮನಾಯಿತು. ಮನೆಯಲ್ಲಿ ಹುಡುಕಿದರೆ ಬೇರೆ ತೋಟೆ ಇಲ್ಲ. ಅವನು ಚಡಪಡಿಸುತ್ತಿರುವಾಗಲೇ ಕೆಳಗಿನ ಮನೆಯ ವಿಶಾಲಾಕ್ಷಮ್ಮ ಏದುಸಿರು ಬಿಡುತ್ತಾ ಹತ್ತಿ ಬಂದರು. ಮುಖದ ತುಂಬಾ ನಗು. ‘ಗಾನವಿಗೆ ಹೈದನಾ? ಯಾವಾಗ ಬಂದದ್ದ್ ಅವ್ಳು?’ ಎಂದು ಕೇಳಿದರು. ಅಪ್ಪ ಒಪ್ಪಿದ್ದಾರೆ, ನೀನು ಹೆರಿಗೆಗೆ ತವರಿಗೆ ಬಂದಿದ್ದೀಯ ಅಂದುಕೊಂಡಿದ್ದರು ಪಾಪ. ಒಳಗೆ ಬಾ ವಿಶಾಲಾಕ್ಷಿ ಎಂದೆ, ಬಂದು ನೋಡಿ ಬಾಗಿಲಲ್ಲೇ ಕುಸಿದು ಕುಳಿತರು.

ಕೀರ್ತಿ ಪಕ್ಕದ ಮನೆಯಿಂದ ತೋಟೆ ತಂದಿದ್ದಾನೆ. ಅವನು ಹಾರಿಸಲು ನಾನು ಬಿಡಲಿಲ್ಲ. ಹಿರಿಯರು ಸಂಪ್ರದಾಯ ಅಂತ ಏನೇನೋ ಹೇಳುತ್ತಿದ್ದಾರೆ, ಹೇಳಲಿ. ಹೆಣಕ್ಕೂ ಬರಬೇಡ ಎಂದವರು ಹೋದರು, ಇನ್ನು ಈ ಮನೆಯಲ್ಲಿ ಬಾ ಎನ್ನುವವಳು ನಾನು. ಶಶಿಕುಮಾರನನ್ನೂ ಕರೆದುಕೊಂಡು ಜೀಪು ಹತ್ತು. ನೀನು ಬರುವವರೆಗೆ ಅಪ್ಪನನ್ನು ಎತ್ತಲು ಬಿಡುವುದಿಲ್ಲ.

ನಿನಗೆ ಕೋವಿ ಹಿಡಿಯಲು ಕಲಿಸಿದ್ದು ನಿನ್ನ ಅಪ್ಪನೇ. ಎರಡನೆಯ ಗುಂಡು ನೀನು ಹಾರಿಸಬೇಕು. ಅಲ್ಲಿಯವರೆಗೆ, ಒಂದೇ ಗುಂಡು ಕೇಳಿದ ಊರಿನವರು ನೀನು ತವರಿಗೆ ಬಂದಿದ್ದೀಯ ಎಂದೇ ತಿಳಿದುಕೊಂಡಿರಲಿ.