ಕಳಸದ ಫೈನಲ್‌ನ ರೆಫರಿ

ಮಾನ್ಯ ಕಾರ್ಯದರ್ಶಿ ಸಿದ್ದಬಸಪ್ಪನವರಿಗೆ,

ರೇವತಿಯ ನಮಸ್ಕಾರಗಳು. ಕಳಸದ ಕಬಡ್ಡಿ ಫೈನಲ್ ಸುಸೂತ್ರವಾಗಿ ಮುಗಿಯಿತು.

ನೀವು ಫೋನಿನಲ್ಲಿ ನಮ್ಮ ಸಂಘದ ರೆಫರಿಗಳಿಗೆ ಪಂದ್ಯ ಹಂಚುತ್ತಿದ್ದಾಗ ನನಗೆ ಸಿಗುತ್ತಿದ್ದುದು ಅಂಕ ಬರೆಯುವ ಕುರ್ಚಿ ಮಾತ್ರ. ಈ ಸಲ ಹಂಚಿದ್ದು ಸಂಘದ ಹೊಸ ಆ್ಯಪ್. ಅಷ್ಟು ದೂರ ಯಾರು ಹೋಗುತ್ತಾರೆಂದು ಗಂಡಸರೆಲ್ಲ ಕಳಸಕ್ಕೆ ‘ಬರುವುದಿಲ್ಲ’ ಒತ್ತಿದರು. ಫೈನಲ್ ಅಲ್ಲೇ ಎಂಬುದನ್ನು ಓದಿರಲಿಲ್ಲ. ನಾನು ಓದಿದ್ದೆ.

ಎಸ್ಟೇಟ್ ತಂಡದ ನಾಯಕನಿಗೆ ಔಟ್ ಕೊಟ್ಟಾಗ ಅವನ ಗೆಳೆಯ ಜಗಳಕ್ಕೆ ಬಂದ. ನಾಯಕನೇ ತಡೆದು, “ಗೆರೆ ತುಳ್ದಿದ್ದು ಹೌದು ಮಾರಾಯ, ಅಕ್ಕ ಹೇಳಿದ್ದೇ ಸರಿ” ಎಂದ.

ನಮ್ಮ ಹಿರಿಯ ರೆಫರಿ ಬಾಲರಾಜಣ್ಣನಿಂದ ಕೇಳಿ ತಂದ ಅಂಗಿ ಮೊಣಕಾಲು ಮುಟ್ಟುತ್ತಿತ್ತು. ದಯವಿಟ್ಟು ನನ್ನ ಅಳತೆಗೊಂದು ಹೊಲಿಸಿಕೊಡಿ.

ಅಂದಹಾಗೆ, ಆ್ಯಪ್ ಪರೀಕ್ಷಿಸಲು ಹಾಕಿದ್ದ ನಿಮ್ಮ ಹೆಸರನ್ನು ನೀವು ತೆಗೆದೇ ಇಲ್ಲ. ಭಾನುವಾರದ ಮೂಡಿಗೆರೆ ಟೂರ್ನಿಗೆ ಅದು ಹಂಚಿರುವಂತೆ ರೆಫರಿ ನಾನು, ಅಂಕ ಬರೆಯುವವರು ನೀವು. ಪೆನ್ನು ನಾನೇ ತರುತ್ತೇನೆ.

ಇಂತಿ,
ರೇವತಿ, ರೆಫರಿ