ಮಳೆ ಪುಸ್ತಕದ ಏಪ್ರಿಲ್ ಪುಟ

ಕೊಟ್ಟಿಗೆಹಾರ
21 ಸೆಪ್ಟೆಂಬರ್ 2025, ಭಾನುವಾರ

ಚಿರಂಜೀವಿ ಲಿಖಿತನಿಗೆ,

ಅಪ್ಪನ ಆಶೀರ್ವಾದಗಳು. ಇಲ್ಲಿ ನಾವಿಬ್ಬರೂ ಕ್ಷೇಮ ಎಂದು ಬರೆಯುವುದು ಪದ್ಧತಿ. ನಿನ್ನಮ್ಮ ಕ್ಷೇಮ. ನಾನು ಕ್ಷೇಮವಾಗಿರುವವನ ಹಾಗೆ ಓಡಾಡಿಕೊಂಡಿದ್ದೇನೆ.

ನಿನ್ನ ಕಾಗದ ಬಂದು ಹತ್ತು ದಿನವಾಯಿತು. ತಡವಾದದ್ದಕ್ಕೆ ಕ್ಷಮಿಸು. ಮಳೆ, ಕರೆಂಟು, ಧಣಿಗಳು ತೋಟಕ್ಕೆ ಬಂದದ್ದು ಎಂದು ಮೂರು ಕಾರಣ ಸಿದ್ಧ ಮಾಡಿಟ್ಟುಕೊಂಡಿದ್ದೆ. ನಿಜವೆಂದರೆ ನಾಲ್ಕು ಸಲ ಬರೆದೆ, ನಾಲ್ಕು ಸಲ ಹರಿದೆ. ಒಲೆಗೆ ಹಾಕುವಾಗ ನಿನ್ನಮ್ಮ ನೋಡಿಬಿಟ್ಟಳು. "ಮಾರಾಯ್ರೆ, ಅವ್ನು ಕೇಳಿದ್ದು ಒಂದು ಕಾಗ್ದ. ನೀವೇನು ಕಾದಂಬರಿ ಬರೀತಿದ್ದೀರಾ?" ಎಂದಳು. ಇಪ್ಪತ್ತಾರು ವರ್ಷದಿಂದ ಎಸ್ಟೇಟ್ ರೈಟರ್ ಆಗಿದ್ದೇನೆ ಮಗ, ಬರೆದದ್ದೆಲ್ಲ ಆಳುಗಳ ಹಾಜರಿ ಮತ್ತು ಮಳೆಯ ಲೆಕ್ಕ. ಮನಸ್ಸಿನಲ್ಲಿರುವುದನ್ನು ಬರೆಯಲು ಕೂತರೆ ಪೆನ್ನೇ ಗೈರುಹಾಜರು.

ಕಾಗದದಲ್ಲಿ ನೀನು ನನಗೆ ಹಾಕಿದ ನಿಯಮಾವಳಿ ಓದಿದೆ. ಫೋನು ಭಾನುವಾರ ಮಾತ್ರ. ವಾರ್ಡನ್‌ಗೆ ಫೋನು ಮಾಡುವಂತಿಲ್ಲ. ನಿನ್ನ ರೂಮಿನ ದೇವರಾಜನಿಗೆ ಗುಟ್ಟಾಗಿ ಮಾಡುವುದಂತೂ ಇಲ್ಲವೇ ಇಲ್ಲ. ಮಾತು ಉಳಿದರೆ ಬರೆದು ಕಳಿಸುವುದು. "ಬರೆಯುವಾಗ ನೀನು ಸ್ವಲ್ಪ ಕಮ್ಮಿ ಹೆದರ್ತೀಯ ಅಪ್ಪ" ಎಂದು ಕೆಳಗೆ ಬರೆದಿದ್ದೀಯಲ್ಲ, ಅದನ್ನು ನಿನ್ನಮ್ಮ ಎರಡು ಸಲ ಗಟ್ಟಿಯಾಗಿ ಓದಿಸಿದಳು.

ನಿಯಮದ ಪ್ರಕಾರ ಇವತ್ತು ಬೆಳಿಗ್ಗೆ ಫೋನು ಮಾಡಿದೆ. ನಾಲ್ಕು ನಿಮಿಷಕ್ಕೆ ಮುಗಿಸಿದೆ ನೀನು. ಮೊಣಕಾಲು ಮಡಚಲು ಬರುತ್ತದಾ ಎಂದೆ ನಾನು. ಬರುತ್ತೆ ಎಂದೆ ನೀನು. ಪೂರ್ತಿಯಾ ಎಂದೆ ನಾನು. "ಮುಕ್ಕಾಲು" ಎಂದೆ ನೀನು. ಫೋನಿಟ್ಟ ಮೇಲೆ ನಾನು ಜಗಲಿಯ ಮೇಲೆ ಕೂತು ನನ್ನ ಕಾಲನ್ನು ಮುಕ್ಕಾಲು ಮಡಚಿ ನೋಡಿದೆ. ಹಾಗೆ ಮಡಚಿಕೊಂಡು ಬಸ್ಸು ಹತ್ತಲಾಗುವುದಿಲ್ಲ, ಹಾಸ್ಟೆಲಿನ ಸಂಡಾಸಿನಲ್ಲಿ ಕೂರಲಾಗುವುದಿಲ್ಲ. ಇದನ್ನೆಲ್ಲ ಕೇಳೋಣವೆಂದರೆ ಮುಂದಿನ ಭಾನುವಾರದವರೆಗೆ ಬಾಯಿಗೆ ಬೀಗ.

ಅವತ್ತಿನದು ನಿನಗೆ ಗೊತ್ತಿರುವ ಕಥೆಯೇ. ಆದರೂ ಈ ತುದಿಯಿಂದ ಹೇಗೆ ಕಂಡಿತು ಎಂದು ಬರೆಯುತ್ತೇನೆ, ಓದಿಕೋ.

ಎರಡು ವಾರದ ಹಿಂದೆ ಸೋಮವಾರ ಮಧ್ಯಾಹ್ನ ನೀನು ಫೋನು ಮಾಡಿ, "ಎಡಗಾಲಿನ ಮೊಣಕಾಲು ಜುಮ್ ಅಂತಿದೆ ಅಪ್ಪ" ಎಂದಾಗ ನಾನು ಹಾಜರಿ ಪುಸ್ತಕದ ಮುಂದೆ ಕೂತಿದ್ದೆ. ಜುಮ್ ಎಂದರೆ ಏನೆಂದು ನಮ್ಮ ಮನೆಯಲ್ಲಿ ಬೆಕ್ಕಿಗೂ ಗೊತ್ತು. ಒಳಗೆ ರಕ್ತ ಒಸರಲು ಶುರುವಾಗಿದೆ, ಊದಿಕೊಳ್ಳುವ ಮೊದಲು, ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ ಸೂಜಿಯಲ್ಲಿ ಒಳಗೆ ಹೋಗಬೇಕು. ನಿನ್ನ ಹತ್ತಿರ ಒಂದು ಬಾಟಲಿಯೂ ಉಳಿದಿರಲಿಲ್ಲ, ಶನಿವಾರ ಕೊನೆಯದನ್ನು ಹಾಕಿಕೊಂಡಿದ್ದೆ. ನಮ್ಮ ಫ್ರಿಜ್ಜಿನಲ್ಲಿ ಆರು ಬಾಟಲಿ ತಣ್ಣಗೆ ಕೂತಿದ್ದವು. ಮೂಡಿಗೆರೆ ಆಸ್ಪತ್ರೆಯಲ್ಲಿ ತಿಂಗಳಿಗೆ ಆಗುವಷ್ಟು ಒಟ್ಟಿಗೆ ಕೊಡುತ್ತಾರೆ, ನಾನು ನಿನಗೆ ಪ್ರತಿ ಮಂಗಳವಾರ ಒಂದು ವಾರಕ್ಕೆ ಬೇಕಾದಷ್ಟೇ ಬಸ್ಸಿಗೆ ಹಾಕುತ್ತಿದ್ದೆ. ಹಾಸ್ಟೆಲಿನಲ್ಲಿ ಕೆಟ್ಟುಹೋಗುತ್ತದೆ ಎನ್ನುವುದು ನಾನು ಕೊಡುತ್ತಿದ್ದ ಕಾರಣ. ವಾರಕ್ಕೊಮ್ಮೆ 'ಬಂತು ಅಪ್ಪ' ಎನ್ನಲು ನೀನು ಫೋನು ಮಾಡಲೇಬೇಕಿತ್ತು ಎನ್ನುವುದು ಇನ್ನೊಂದು ಕಾರಣ. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ.

"ಇಲ್ಲೇ ದೊಡ್ಡಾಸ್ಪತ್ರೆಗೆ ಹೋಗ್ಲಾ?" ಎಂದು ಕೇಳಿದೆ ನೀನು.

"ತಡಿ ಮಗ, ಹೊಸಬರ ಹತ್ರ ಯಾಕೆ? ಬೆಳಿಗ್ಗೆ ಬಸ್ಸಿಗೇ ಕಳಿಸ್ತೀನಿ. ಅಲ್ಲೀವರೆಗೆ ಐಸ್ ಇಟ್ಕೊಂಡು ಮಲಗು" ಎಂದೆ ನಾನು.

ನೀನು ತಡೆದೆ. ನೀನು ಸಣ್ಣವನಿದ್ದಾಗಿನಿಂದಲೂ ನನ್ನ ಮಾತು ಕೇಳುವ ಹುಡುಗ. ಅದೇ ತೊಂದರೆ.

ಮಂಗಳವಾರ ಬೆಳಿಗ್ಗೆ ಕಂಡಕ್ಟರ್ ಕಲ್ಲೇಶನ ಬಸ್ಸಿಗೆ ಐಸ್ ಡಬ್ಬಿ ಕೊಟ್ಟೆ. ಔಷಧಿ, ಜೋಪಾನ ಎಂದೆ. ಪಿರಿಪಿರಿ ಮಳೆ ಬೇರೆ. ಕಲ್ಲೇಶ್ ಹೇಗೆ ಎಂದು ನಿನಗೆ ಗೊತ್ತಲ್ಲ, ಊರಿನ ಅರ್ಧ ಸಂಸಾರವನ್ನು ಅವನೇ ಚಿಕ್ಕಮಗಳೂರಿಗೆ ಸಾಗಿಸುವುದು. ಮಗಳ ಮನೆಗೆ ಕಳಿಸುವ ಕಳಲೆ, ಕಾಳುಮೆಣಸಿನ ಸ್ಯಾಂಪಲ್, ಮರೆತು ಬಂದ ಕನ್ನಡಕ, ಎಲ್ಲಕ್ಕೂ ಅವನೇ ಅಂಚೆ. ಮಳೆಗಾಲದಲ್ಲಿ ನಾವು ಇಲ್ಲಿ ಏನನ್ನು ಜೋಪಾನ ಮಾಡುವುದಿದ್ದರೂ ಬೆಚ್ಚಗೆ ಇಡುತ್ತೇವೆ. ಬೆಂಕಿಪೆಟ್ಟಿಗೆ, ಉಪ್ಪು, ಶಾಲೆಯ ಸರ್ಟಿಫಿಕೇಟು, ಎಲ್ಲ ಒಲೆಯ ಮೇಲಿನ ಅಟ್ಟಕ್ಕೆ. ಬಸ್ಸಿನಲ್ಲಿ ಅಟ್ಟ ಎಲ್ಲಿದೆ? ಡ್ರೈವರ್ ಪಕ್ಕದ ಇಂಜಿನ್ ಬಾನೆಟ್ಟೇ ಅಟ್ಟ. ಅದರ ಮೇಲೆ ಗೋಣಿ ಹಾಸಿ, ಡಬ್ಬಿ ಇಟ್ಟು, ಮೇಲೆ ತನ್ನ ಸ್ವೆಟರ್ ಹೊದಿಸಿ ಒಯ್ದಿದ್ದಾನೆ ಮಹಾರಾಯ.

ನೀನು ಡಬ್ಬಿ ಬಿಚ್ಚಿ, ಒಳಗೆ ಕೈ ಅದ್ದಿ, "ಇದ್ರಲ್ಲಿ ಕಾಫಿ ಸೋಸ್ಬಹುದು ಅಪ್ಪ, ಇದನ್ನ ಹಾಕ್ಕೊಳ್ಳಲ್ಲ" ಎಂದೆ. ನಾನು ಇಲ್ಲಿಂದ ಫೋನಿನಲ್ಲೇ, ಒಂದನ್ನಾದರೂ ಹಾಕ್ಕೋ ಎಂದು ಕೂಗಿದೆ. "ಇಷ್ಟು ಬಿಸಿಯಾದ್ದು ಕೆಲಸ ಮಾಡುತ್ತೋ ಇಲ್ವೋ ಗೊತ್ತಿಲ್ಲ. ಹಾಕ್ಕೊಂಡು ಸುಮ್ನೆ ಕೂತ್ರೆ ಇನ್ನೊಂದು ದಿನ ಹೋಗುತ್ತೆ" ಎಂದು ನೀನು ಮೆತ್ತಗೆ ಹೇಳಿದೆ. ನನ್ನ ಮಗ ದೊಡ್ಡವನ ಹಾಗೆ ನನಗೆ ಬುದ್ಧಿ ಹೇಳಿದ್ದು ಅದೇ ಮೊದಲು. ಆಮೇಲೆ, ಮೂರು ತಿಂಗಳಿಂದ ಮುಚ್ಚಿಟ್ಟುಕೊಂಡಿದ್ದ ಕಾಯಿಲೆಯ ಸಂಗತಿಯನ್ನು ದೇವರಾಜನಿಗೆ ಹೇಳಿ, ಅವನ ಹೆಗಲು ಹಿಡಿದುಕೊಂಡು ಆಟೋ ಹತ್ತಿದೆ. ಜಿಲ್ಲಾ ಆಸ್ಪತ್ರೆಯವರು ಕೂಡಲೇ ಫ್ಯಾಕ್ಟರ್ ಕೊಟ್ಟರು. ಅಷ್ಟರಲ್ಲಿ ಒಂದು ದಿನ ಕಳೆದಿತ್ತು, ಮೊಣಕಾಲು ಹಲಸಿನಕಾಯಿ ಆಗಿತ್ತು.

ದೇವರಾಜ ಏನೆಂದ ಎಂದು ನೀನು ಬರೆದದ್ದು ಓದಿ ನಿನ್ನಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. "ಇಷ್ಟೇನಾ? ನಾನು ನೀನು ಗುಟ್ಟಾಗಿ ಡ್ರಗ್ಸ್ ತಗೋತೀಯ ಅಂದ್ಕೊಂಡಿದ್ದೆ ಮಾರಾಯ!" ಈಗ ಅವನೇ ಬಾಟಲಿ ಅಲ್ಲಾಡಿಸಬಾರದು, ಮೆಲ್ಲಗೆ ತಿರುಗಿಸಬೇಕು ಎಂದು ಕಲಿತಿದ್ದಾನಂತೆ. ಹುಡುಗ ಒಳ್ಳೆಯವನು. ಅವನ ಬಳಿ ಸ್ಕೂಟರ್ ಇದೆಯಾ? ಇದ್ದರೆ ನೀನು ಹಿಂದೆ ಕೂರುವಾಗ ಹೆಲ್ಮೆಟ್ ಹಾಕುತ್ತೀಯಾ? ಸರಿ, ಸರಿ, ನಿಯಮ.

ಕಲ್ಲೇಶನ ವಿಷಯ. ಬುಧವಾರ ಬೆಳಿಗ್ಗೆ ಬಸ್ಸು ನಿಂತಲ್ಲೇ ಅವನನ್ನು ಹಿಡಿದುಕೊಂಡೆ. ತುಂಬಿದ ಬಸ್ಸಿನ ಎದುರು ಬಾಯಿಗೆ ಬಂದದ್ದೆಲ್ಲ ಬೈದೆ. ಅವನು ಟಿಕೆಟ್ ಚೀಲ ಅವುಚಿಕೊಂಡು ನಿಂತಿದ್ದ. "ಒಳಗೆ ಐಸ್ ಇದೆ ಅಂತ ನಂಗೆ ಗೊತ್ತಿತ್ತು ರೈಟ್ರೆ. ಅದ್ಕೇ, ಔಷಧಿಗೆ ಥಂಡಿ ಹಿಡಿಬಾರ್ದು ಅಂತ ಬೆಚ್ಚಗೆ ಇಟ್ಟೆ. ನನ್ನಿಂದ ಹುಡುಗನ ಕಾಲು ಹೋಯ್ತಾ?" ಎಂದ. ದಿನಕ್ಕೆ ನೂರು ಸಲ 'ರೈಟ್ ರೈಟ್' ಎನ್ನುವ ಮನುಷ್ಯ. ರೈಟರ್ ರಾಂಗ್ ಇರಬಹುದು ಎಂದು ಅವನಿಗೆ ಹೊಳೆಯಲೇ ಇಲ್ಲ. ಅವತ್ತಿನಿಂದ ಬಾನೆಟ್ ಮೇಲೆ ಯಾರನ್ನೂ ಒಂದು ಕೊಡೆ ಇಡಲೂ ಬಿಡುತ್ತಿಲ್ಲವಂತೆ.

ಮೊನ್ನೆ ಗುರುವಾರ ಮೂಡಿಗೆರೆ ಆಸ್ಪತ್ರೆಗೆ ಹೋಗಿದ್ದೆ. ಕುಸುಮಾ ಸಿಸ್ಟರ್ ಸಿಕ್ಕಿದರು. ನಿನ್ನನ್ನು ಚಿಕ್ಕಮಗಳೂರು ಆಸ್ಪತ್ರೆಯ ಲೆಕ್ಕಕ್ಕೆ ಸೇರಿಸುವ ವರ್ಗಾವಣೆ ಕಾಗದ ಕಳೆದುಹೋಗಿದೆ ಎಂದು ನೀನು ಅವರಿಗೂ ಫೋನು ಮಾಡಿ ಕ್ಷಮೆ ಕೇಳಿದೆಯಂತೆ. ನನಗೂ ಹಾಗೆಯೇ ಹೇಳಿದ್ದೆ, "ಅಡ್ಮಿಶನ್ ಟೈಮಲ್ಲಿ ಜೆರಾಕ್ಸ್ ಅಂಗ್ಡೀಲಿ ಬಿಟ್ಟಿರ್ಬೇಕು ಅಪ್ಪ. ಸಾರಿ. ಅದೊಂದು ಇದ್ದಿದ್ರೆ ಜೂನಿಂದ ತಿಂಗಳ ಫ್ಯಾಕ್ಟರ್ ಇಲ್ಲೇ ತಗೋಬಹುದಿತ್ತಂತೆ." ಪರವಾಗಿಲ್ಲ ಬಿಡು ಎಂದಿದ್ದೆ ನಾನು. ಸಿಸ್ಟರ್ ಬೇಜಾರು ಮಾಡಿಕೊಂಡಿಲ್ಲ. ಡಾಕ್ಟರು ರಜೆಯಿಂದ ಬಂದ ಮೇಲೆ ಇನ್ನೊಂದು ಬರೆಸಿ ಕೊಡುತ್ತಾರಂತೆ.

ಹೊರಡುವಾಗ ಅವರು ಒಂದು ಮಾತು ಕೇಳಿದರು. "ಸರ್, ಹುಡ್ಗನಿಗೆ ಸೂಜಿ ಹಾಕ್ಕೊಳ್ಳೋದನ್ನ ನಾನು ಹದಿಮೂರಕ್ಕೇ ಕಲಿಸ್ದೆ. ನಿಮ್ಗೆ ಸೂಜಿ ಬಿಡೋದನ್ನ ಯಾರು ಕಲಿಸ್ತಾರೆ?" ಎಂದರು. ನಾನು ಈ ಸಲ ಮಳೆ ಜಾಸ್ತಿ ಎಂದೆ.

ಅವರು ಹೇಳಿದ್ದು ಸುಳ್ಳಲ್ಲ. ಪಿಯುಸಿ ಗಣಿತದಲ್ಲಿ ಫ್ಯಾಕ್ಟರ್ ಹುಡುಕಲಾರದೆ ನಪಾಸಾದವನು ನಾನು. ನಿನಗೆ ಹುಟ್ಟುವಾಗಲೇ ಎಂಟನೇ ಫ್ಯಾಕ್ಟರ್ ಇಲ್ಲ ಎಂದು ಡಾಕ್ಟರು ಹೇಳಿದಾಗ, ದೇವರು ನನ್ನ ಉತ್ತರಪತ್ರಿಕೆಯನ್ನೇ ನೋಡಿ ನಿನ್ನನ್ನು ಬರೆದಿರಬೇಕು ಎಂದುಕೊಂಡೆ. ಏಳು ವರ್ಷದವನಿದ್ದಾಗ ಒಂದು ಉಂಬಳ ಕಚ್ಚಿ ಎರಡು ದಿನ ರಕ್ತ ನಿಲ್ಲದೆ ನಿನ್ನನ್ನು ಹೊತ್ತುಕೊಂಡು ಓಡಿದ್ದು ನೆನಪಿದೆಯಾ? ಅದಾದ ಮೇಲೆ ನಾನು ಸೂಜಿ ಹಾಕುವುದನ್ನು ಕಲಿತೆ. ಮೊದಲ ದಿನ ನಿನ್ನ ಕೈಯಲ್ಲಿ ನರ ಸಿಗದೆ ಈ ನರಮನುಷ್ಯ ಮೂರು ಸಲ ಚುಚ್ಚಿದ್ದ. ಆರು ತಿಂಗಳಲ್ಲಿ, ನಿನ್ನ ಎಡಗೈ ಮಡಿಕೆಯ ಆ ನರ ನನಗೆ ನಮ್ಮ ತೋಟದ ಕಾಲುದಾರಿಗಿಂತ ಚೆನ್ನಾಗಿ ಗೊತ್ತಾಗಿತ್ತು. ಕಣ್ಣು ಮುಚ್ಚಿಕೊಂಡು ಹೋಗಬಲ್ಲೆ ಈಗಲೂ.

ಆಫೀಸಿನ ಮಳೆ ಪುಸ್ತಕದಲ್ಲಿ ನಿನ್ನದನ್ನೂ ಬರೆಯುತ್ತಾ ಬಂದಿದ್ದೇನೆ ಎಂದು ನಿನಗೆ ಗೊತ್ತಿಲ್ಲ. ನೀಲಿಯಲ್ಲಿ ಮಳೆ, ಕೆಂಪಿನಲ್ಲಿ ನೀನು. 'ಜುಲೈ 14. ನಾಲ್ಕು ಇಂಚು ಇಪ್ಪತ್ತು ಸೆಂಟು. ಬಲ ಮೊಣಕೈ.' ಧಣಿಗಳು ಒಮ್ಮೆ ಕೇಳಿದ್ದರು, "ಇದೇನ್ರಿ ಚಂದ್ರಶೇಖರ್, ಮೊಣಕೈಗೂ ಮಳೆಗೂ ಏನು ಸಂಬಂಧ?" ಎರಡೂ ಯಾವಾಗ ಬರುತ್ತವೆ ಎಂದು ಹೇಳಲಾಗುವುದಿಲ್ಲ ಸರ್ ಎಂದೆ. ಹನ್ನೊಂದು ವರ್ಷದ ಆ ಕೆಂಪನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿ ಈ ಕಾಗದದ ಜೊತೆ ಕಳಿಸುತ್ತಿದ್ದೇನೆ. ಹೊಸ ಡಾಕ್ಟರಿಗೆ ತೋರಿಸು. ಮುಂದಿನ ಪುಟಗಳು ಖಾಲಿ ಇವೆ, ನಿನ್ನ ಅಕ್ಷರದಲ್ಲಿ ನೀನೇ ಬರೆದುಕೋ. ಫ್ರಿಜ್ಜಿನಲ್ಲಿ ಉಳಿದ ನಾಲ್ಕು ಬಾಟಲಿಯನ್ನೂ ಒಟ್ಟಿಗೇ ಕಳಿಸುತ್ತಿದ್ದೇನೆ. ಕಲ್ಲೇಶ್ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಾನಂತೆ, ಅವತ್ತು ಟಿಕೆಟ್ ಯಾರು ಹರಿಯುತ್ತಾರೋ ಗೊತ್ತಿಲ್ಲ.

ಕೇಳಬೇಕಾದದ್ದು ಇನ್ನೂ ಇದೆ. ಶೇವ್ ಮಾಡಿಕೊಳ್ಳಲು ಮಿಷನ್ನೇ ತಾನೆ? ತಲೆನೋವು ಬಂದರೆ ಕಂಡಕಂಡ ಮಾತ್ರೆ ನುಂಗುತ್ತಿಲ್ಲ ತಾನೆ? ಕಾಯಿಲೆಯ ವಿವರ ಇರುವ ಕಾರ್ಡು ಜೇಬಿನಲ್ಲೇ ಇದೆಯಾ, ಸೂಟ್‌ಕೇಸಿನಲ್ಲಾ? ನಿನ್ನಮ್ಮ ಹಿಂದಿನಿಂದ, "ಅವ್ನಿಗೆ ನಿಮಗಿಂತ ಚೆನ್ನಾಗಿ ಗೊತ್ತು, ಸುಮ್ನಿರಿ" ಎನ್ನುತ್ತಿದ್ದಾಳೆ. ಹೇಳಿದವಳೇ ಈಗ, ಕೇಳಿ ನೋಡಿ, ಊಟ ಸೇರುತ್ತಾ ಅಂತ, ಎನ್ನುತ್ತಿದ್ದಾಳೆ. ಅಕ್ಕಿರೊಟ್ಟಿ, ಕೆಸುವಿನ ದಂಟಿನ ಉಪ್ಪಿನಕಾಯಿ ಕಟ್ಟಿದ್ದಾಳೆ. ದೇವರಾಜನಿಗೂ ಕೊಡಬೇಕಂತೆ.

ನಿನ್ನ ಮೊಣಕಾಲು ಪೂರ್ತಿ ಮಡಚುವಂತಾಗಲಿ. ನೀನು ಹೋಗಬೇಕೆಂದಲ್ಲಿಗೆ ನಿನ್ನ ಕಾಲು ನಿನ್ನನ್ನು ಕರೆದುಕೊಂಡು ಹೋಗಲಿ. ನಿನ್ನ ಕೈಗೆ ನಿನ್ನ ನರ ಒಂದೇ ಸಲಕ್ಕೆ ಸಿಗಲಿ.

ಇತಿ,
ನಿನ್ನ ಅಪ್ಪ
ಚಂದ್ರಶೇಖರ

ಮರೆತ ಮಾತು: ಮರೆತದ್ದಲ್ಲ. ನಾಲ್ಕು ಸಲ ಹರಿದದ್ದು ಇದನ್ನೇ.

ನೋಟ್‌ಬುಕ್ಕಿನ ರಟ್ಟಿನೊಳಗೆ ಒಂದು ಲಕೋಟೆ ಇದೆ, ನೋಡು. ಅದು ನಿನ್ನ ವರ್ಗಾವಣೆ ಕಾಗದ. ನೀನು ಜೆರಾಕ್ಸ್ ಅಂಗಡಿಯಲ್ಲಿ ಕಳೆದುಕೊಂಡಿಲ್ಲ ಮಗ, ಅದು ನಿನ್ನ ಕೈಗೆ ಬರಲೇ ಇಲ್ಲ. ನಿನಗೆ ಹದಿನೆಂಟು ತುಂಬಿದ ವಾರ ಕುಸುಮಾ ಸಿಸ್ಟರ್ ನನ್ನ ಹತ್ತಿರ ಕೊಟ್ಟು, ಅವನ ಕೈಗೇ ಕೊಡಿ, ಅವನೇ ಸಹಿ ಹಾಕಬೇಕು ಎಂದಿದ್ದರು. ಉಳಿದ ಕಾಗದಗಳನ್ನು ನಿನ್ನ ಫೈಲಿಗೆ ಹಾಕಿದೆ. ಇದೊಂದನ್ನು ಮಳೆ ಪುಸ್ತಕದ ಏಪ್ರಿಲ್ ಪುಟದಲ್ಲಿಟ್ಟೆ. ನೀನು ಸಾರಿ ಎಂದಾಗ ಆ ಪುಸ್ತಕ ನನ್ನ ಮೊಣಕೈ ಕೆಳಗೇ ಇತ್ತು. ಇನ್ನೊಂದು ಕಾಗದ ಬಂದರೆ ಇದು ಯಾರಿಗೂ ಗೊತ್ತಾಗುವುದಿಲ್ಲ ಎಂದು ಹತ್ತು ದಿನ ಕಾದೆ. ನಿನ್ನ ಮುಕ್ಕಾಲು ಮೊಣಕಾಲು ಕಾಯಲು ಬಿಡಲಿಲ್ಲ. ತಪ್ಪು ನನ್ನದೆಂದು ಕಲ್ಲೇಶನಿಗೆ ನಾಳೆ ಬಸ್ಸಿನಲ್ಲಿ ಎಲ್ಲರೆದುರಿಗೇ ಹೇಳುತ್ತೇನೆ, ಬೈದದ್ದೂ ಎಲ್ಲರೆದುರಿಗೇ ಅಲ್ಲವಾ. ನಿನ್ನಮ್ಮನಿಗೆ ನೀನು ಓದಿದ ಮೇಲೆ ಹೇಳುತ್ತೇನೆ.

ಯಾಕೆ ಎಂದು ಕೇಳುತ್ತೀಯ. ಇಷ್ಟು ವರ್ಷ ಆಸ್ಪತ್ರೆಯ ಎಲ್ಲ ಕಾಗದದಲ್ಲೂ ಕೆಳಗೆ ಬಲಗಡೆ ಪೋಷಕರ ಸಹಿಗೆ ಒಂದು ಗೆರೆ ಇರುತ್ತಿತ್ತು. ಇದರಲ್ಲಿ ಇರಲಿಲ್ಲ. ಹಿಂದೆ ಮುಂದೆ ತಿರುಗಿಸಿ ನೋಡಿದೆ ಮಗ. ಎಲ್ಲೂ ಇರಲಿಲ್ಲ.